ಅಂಚಿನ ಮೇಲಿನ ಹೆಸರು

ಬಿಇಎಲ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕಾಲೂರಿ ನಿಂತಿದ್ದಾಗ ಸ್ಕೂಟರಿನ ಡಿಕ್ಕಿಯಲ್ಲಿದ್ದ ಪುಸ್ತಕ ನೆನಪಾಗಿ ಶೇಷಗಿರಿಗೆ ಮತ್ತೆ ಕಸಿವಿಸಿಯಾಯಿತು. ಆಯುಧಪೂಜೆಯ ಬೆಳಿಗ್ಗೆ. ಪಕ್ಕದಲ್ಲಿ ನಿಂತಿದ್ದ ಬಸ್ಸಿನ ಮೂತಿಗೆ ಎರಡೂ ಕಡೆ ಬಾಳೆಕಂದು ಕಟ್ಟಿ, ಗಾಜಿನ ತುಂಬ ಚೆಂಡುಹೂವಿನ ಸರ ಇಳಿಬಿಟ್ಟಿದ್ದರು. ಡ್ರೈವರಿಗೆ ರಸ್ತೆ ಹೇಗೆ ಕಾಣುತ್ತಿತ್ತೋ ದೇವರೇ ಬಲ್ಲ. ರಸ್ತೆಯುದ್ದಕ್ಕೂ ಒಡೆದ ಬೂದುಗುಂಬಳದ ಹೋಳುಗಳು. ಜಾರದಂತೆ ಓಡಿಸಬೇಕು ಎಂದುಕೊಳ್ಳುತ್ತಲೇ ಅವನು ಪುಸ್ತಕ ಕೊಡುವಾಗ ಗೆಳೆಯ ಶಿವರಾಮನಿಗೆ ಏನು ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ. ಬರ್ಮಾ ಗಡಿಯ ಯುದ್ಧದ ಬಗ್ಗೆ ಯಾರೋ ಕರ್ನಲ್ ಬರೆದ ಪುಸ್ತಕದ ಎರಡನೇ ಸಂಪುಟ ಅದು. ಮೊದಲನೆಯದು ಶಿವರಾಮನ ಹತ್ತಿರ ಎಷ್ಟೋ ವರ್ಷದಿಂದ ಒಂಟಿಯಾಗಿ ಕೂತಿತ್ತು. ಎರಡನೆಯದು ಬಂದಾಗ ಇರಲಿ ಎಂದು ಅದರ ಪಕ್ಕದಲ್ಲಿ ಅವನು ಒಂದು ಪುಸ್ತಕದಷ್ಟು ಜಾಗ ಖಾಲಿ ಬಿಟ್ಟಿದ್ದ. ಎರಡು ವಾರದ ಹಿಂದೆ ಶಿವರಾಮ ಜ್ವರವೆಂದು ಮಲಗಿದ್ದ ಭಾನುವಾರ ಯಶವಂತಪುರದ ಗುಜರಿಯಲ್ಲಿ ಅದು ಶೇಷಗಿರಿಯ ಕೈಗೆ ಸಿಕ್ಕಿತ್ತು. ಅಲ್ಲಿಂದಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮನೆಗೆ ತಂದು ತನ್ನ ಬೀರುವಿನಲ್ಲಿಟ್ಟು, ನಾಲ್ಕು ದಿನ ನನ್ನ ಹತ್ತಿರವೇ ಇರಲಿ ಎಂದುಕೊಂಡಿದ್ದ, ಆ ನಾಲ್ಕು ದಿನ ಎರಡು ವಾರವಾಗಿತ್ತು. ಸ್ನೇಹಿತನ ಬಾಯಿಯ ತುತ್ತು ಕಸಿದವನ ಹಾಗೆ ಅವನು ಆ ಎರಡು ವಾರ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಹೀಗೆಂದರೆ ಕೌಸಲ್ಯಾ ನಗುತ್ತಾಳೆ. ಅವನ ಹೆಂಡತಿಗೆ ಇದೆಲ್ಲ ಮೊದಲಿನಿಂದಲೂ ತಮಾಷೆಯೇ. ‘ಕಂಡವರ ಯುದ್ಧಾನೆಲ್ಲ ಮನೆಗೆ ತರ್ತೀರಿ, ಗುಡಿಸೋಳು ಮಾತ್ರ ನಾನು’ ಎಂದು ಆರ್.ಟಿ. ನಗರದ ಆ ಸಣ್ಣ ಮನೆಯಲ್ಲಿ ಪುಸ್ತಕದ ರಾಶಿಯನ್ನು ಬಳಸಿಕೊಂಡು ಓಡಾಡುತ್ತಾಳೆ. ಆಫೀಸಿನಲ್ಲಂತೂ ಅವನಿಗೆ ಮೇಜರ್ ಎಂದೇ ಹೆಸರು. ‘ಮೇಜರ್ ಸಾಹೇಬ್ರೇ, ಟೀ ತರಿಸ್ಲಾ?’ ಎಂದು ಹೊಸದಾಗಿ ಸೇರಿದವರೂ ಅನ್ನುವಾಗ ಅವನು ಹಲ್ಲು ಕಿರಿಯುತ್ತಿದ್ದ. ಒಂದು ಬಂದೂಕನ್ನೂ ಮುಟ್ಟದ, ರಸ್ತೆಯಲ್ಲಿ ನಾಯಿ ಬೊಗಳಿದರೆ ಆ ಕಡೆ ದಾಟುವ ಮನುಷ್ಯ ಹಳೆಯ ಹೆಲ್ಮೆಟ್ಟು, ಖಾಲಿ ಶೆಲ್ಲು, ತುಕ್ಕುಹಿಡಿದ ಬಯೊನೆಟ್ಟು ಕೂಡಿಡುವುದು ನಗುವಂಥದೇ ಅಲ್ಲವೆ? ನಗದೆ ಇದ್ದವನು ಒಬ್ಬನೇ. ಸೋಲದೇವನಹಳ್ಳಿಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಶಿವರಾಮ, ಗುಜರಿ ಅಂಗಡಿಯಲ್ಲಿ ಸೈನಿಕರ ಒಂದೇ ಹಳೆಯ ನೀರಿನ ಬಾಟಲಿಗೆ ಇಬ್ಬರೂ ಕೈ ಹಾಕಿದಾಗ ಪರಿಚಯವಾದವನು. ‘ತಗೊಳ್ರಿ, ನಿಮ್ಮ ಕೈ ಮೊದ್ಲು ಬಿತ್ತು’ ಅಂದಿದ್ದ. ಅದೇ ಮುಂದೆ ಇಬ್ಬರ ನಡುವಿನ ಕಾನೂನಾಯಿತು: ಮೊದಲು ಕೈ ಇಟ್ಟವನದು, ಇನ್ನೊಬ್ಬ ಉಸಿರೆತ್ತಬಾರದು. ಅಲ್ಲಿಂದ ಎಷ್ಟು ಭಾನುವಾರಗಳು! ಮಾಕಳಿಯ ತೂಕದ ಅಂಗಡಿ, ಜಾಲಹಳ್ಳಿಯ ಹಳೇ ಮನೆಗಳ ಅಟ್ಟ, ಯಲಹಂಕದ ಟೈಲರನ ಹತ್ತಿರದ ಗುಂಡಿಯ ಡಬ್ಬಿ. ಬಹುವಚನ ಹೋಗಿ ಏಕವಚನ ಬಂತು, ಆಮೇಲೆ ಒಂದೇ ತಟ್ಟೆಯಲ್ಲಿ ಇಡ್ಲಿ ಮುರಿದುಕೊಂಡು ತಿನ್ನುವಷ್ಟಾಯಿತು.

ಮೊದಲನೇ ಭಾನುವಾರವೇ ಅವನು ಶಿವರಾಮನಿಗೆ ಅನಂತಣ್ಣನ ವಿಷಯ ಹೇಳಿದ್ದ. ಕೌಸಲ್ಯಾಗೆ ಹೇಳಲು ಮದುವೆಯಾಗಿ ಮೂರು ವರ್ಷ ಹಿಡಿದಿತ್ತು. ಅಪ್ಪನ ಮಾತು ಮೀರಿ ಸೈನ್ಯ ಸೇರಿದ ಅಣ್ಣ ಅನಂತಶಯನ ಎಪ್ಪತ್ತೊಂದರ ಯುದ್ಧ ಮುಗಿಸಿ ಗಟ್ಟಿಯಾಗಿಯೇ ಉಳಿದು, ಮರುವರ್ಷ ಎಲ್ಲೋ ಗಡಿಯ ರಸ್ತೆಯಲ್ಲಿ ಜೀಪು ಉರುಳಿ ಸತ್ತ. ಯುದ್ಧದಲ್ಲಿ ಸತ್ತಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು ಎಂದು ಯಾರೋ ನೆಂಟರು ಅಂದದ್ದನ್ನು ಹನ್ನೊಂದು ವರ್ಷದ ಶೇಷಗಿರಿ ಕೇಳಿಸಿಕೊಂಡಿದ್ದ. ಹೆಣ ಬರಲಿಲ್ಲ. ಒಂದು ದಿನ ಪೋಸ್ಟಿನಲ್ಲಿ ಪದಕ ಬಂತು, ಆ ಯುದ್ಧದಲ್ಲಿದ್ದವರಿಗೆಲ್ಲ ಕೊಟ್ಟ ಸಂಗ್ರಾಮ್ ಪದಕ, ಅಂಚಿನ ಮೇಲೆ ನಂಬರಿನ ಮುಂದೆ ಅಣ್ಣನ ಹೆಸರು ಒತ್ತಿದ್ದು. ಅಮ್ಮ ಅದನ್ನು ದೇವರ ಮನೆಯಲ್ಲಿಟ್ಟಳು. ಆ ವಾರವೇ ಪಾತ್ರೆಯವನು ಬಂದಾಗ ಅಪ್ಪ ಒಡಕು ಕೊಳಗ, ಕೈ ಮುರಿದ ಹಿತ್ತಾಳೆ ದೀಪ ಎಲ್ಲವನ್ನೂ ತೂಕಕ್ಕೆ ಹಾಕಿ, ಅಮ್ಮ ಹಿತ್ತಲಿನಿಂದ ಬರುವುದರೊಳಗೆ ಪದಕವನ್ನೂ ಆ ರಾಶಿಗೆ ಎಸೆದು, ಬದಲಿಗೆ ಒಂದು ಸ್ಟೀಲ್ ಡಬರಿ ತೆಗೆದುಕೊಂಡರು. ಅಮ್ಮ ಆ ಡಬರಿಯಲ್ಲೇ ಸಾಯುವವರೆಗೆ ಸಾರು ಮಾಡಿದಳು. ಅಣ್ಣನದೆಂದು ಮನೆಯಲ್ಲಿ ಉಳಿದದ್ದು ಒಂದು ಸ್ಟುಡಿಯೋ ಫೋಟೋ. ಶೇಷಗಿರಿ ಗುಜರಿಯಲ್ಲಿ ಯಾವ ಪದಕ ಕಂಡರೂ ಮೊದಲು ಅದರ ಮುಖ ನೋಡುವುದಿಲ್ಲ, ಅಂಚಿನ ಮೇಲೆ ಹೆಬ್ಬೆರಳು ಓಡಿಸುತ್ತಾನೆ. ಪುಸ್ತಕಗಳೆಲ್ಲ ಆ ಹುಡುಕಾಟದ ಜೊತೆಗೆ ಬಂದವು. ಅಣ್ಣ ಯಾವ ನದಿ ದಾಟಿದ, ಯಾವ ಊರಿನ ಹೊರಗೆ ಚಳಿಯಲ್ಲಿ ಮಲಗಿದ ಎಂದು ತಿಳಿಯಲು ಕೊಂಡ ಮೊದಲನೇ ಪುಸ್ತಕ ಇನ್ನೊಂದನ್ನು ಕೇಳಿತು, ಅದು ಮತ್ತೊಂದನ್ನು.

ಚಿಕ್ಕಬಾಣಾವರದಲ್ಲಿ ರೈಲ್ವೆ ಗೇಟು ಹಾಕಿತ್ತು. ಗೇಟಿನ ಹಿಂದೆ ಹೂ ಕಟ್ಟಿದ ಟೆಂಪೋಗಳ ನಡುವೆ ನಿಂತು ಅವನು ಕೊನೆಗೂ ಒಂದು ತೀರ್ಮಾನಕ್ಕೆ ಬಂದ. ನಿನ್ನೆ ಸಿಕ್ಕಿತು ಅನ್ನುವುದು ಬೇಡ. ಎರಡು ವಾರವಾಯಿತು, ಆಸೆಗೆ ಬಿದ್ದು ಇಟ್ಟುಕೊಂಡಿದ್ದೆ ಎಂದು ನಿಜವನ್ನೇ ಹೇಳಿ ಕೊಟ್ಟುಬಿಡುವುದು. ಶಿವರಾಮ ನಕ್ಕು ಬೆನ್ನಿಗೆ ಗುದ್ದುತ್ತಾನೆ. ಅಷ್ಟು ಯೋಚಿಸಿದ್ದಕ್ಕೇ ಅವನ ಮನಸ್ಸು ಹಗುರವಾಯಿತು.

ಶಿವರಾಮ ಮನೆಯಲ್ಲಿರಲಿಲ್ಲ. ‘ಕುಂಬಳಕಾಯಿ ತರ್ತೀನಿ ಅಂತ ಹೋದ್ರು, ಇನ್ನೇನ್ ಬರ್ತಾರೆ, ಒಳಗ್ ಬನ್ನಿ’ ಎಂದಳು ಅವನ ಹೆಂಡತಿ ಸರಳಾ, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದುಕೊಂಡು. ನಡುಮನೆಯಲ್ಲಿ ಚಾಪೆ ಹಾಸಿ ಶಿವರಾಮನ ಸಂಗ್ರಹವನ್ನೆಲ್ಲ ಇಟ್ಟಿದ್ದಳು. ಪ್ರತಿ ವರ್ಷದ ಹಾಗೆ ಈ ವರ್ಷವೂ ಹೆಲ್ಮೆಟ್ಟುಗಳಿಗೆ ವಿಭೂತಿ, ಹಿತ್ತಾಳೆ ಶೆಲ್ಲಿಗೆ ಹಾರ, ಗ್ಯಾಸ್ ಮುಖವಾಡದ ಎರಡು ಕಣ್ಣುಗಳ ನಡುವೆ ಒಂದು ದೊಡ್ಡ ಬೊಟ್ಟು. ಪುಸ್ತಕಗಳ ಮೇಲೆ ಗಂಧ, ಅಕ್ಷತೆ. ಬೇರೆಯವರ ಮನೆಯಲ್ಲಿ ಮಿಕ್ಸಿ, ಹೊಲಿಗೆ ಯಂತ್ರ, ಸೈಕಲ್ಲಿಗೆ ಆಗುವ ಪೂಜೆ ಇಲ್ಲಿ ಯಾವುದೋ ಸತ್ತ ದೊರೆಯ ಸೈನ್ಯದ ಸಾಮಾನಿಗೆ ಆಗುವುದನ್ನು ನೋಡಿ ಹಿಂದೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದುಂಟು. ಸರಳಾ ನಗುವವಳಲ್ಲ. ಮನೆಯಲ್ಲಿರುವ ಯಾವ ಕಬ್ಬಿಣವೂ ಕುಂಕುಮವಿಲ್ಲದೆ ಇವತ್ತು ಉಳಿಯಬಾರದು, ಉಳಿದರೆ ಅದು ಮುನಿಸಿಕೊಳ್ಳುತ್ತದೆ ಎಂದು ಅವಳ ತವರಿನ ನಂಬಿಕೆ. ‘ಈ ಸರ್ತಿ ಅಲ್ಮೇರಾ ಮೇಲಿನ್ ಖಾನೇನೂ ತೆಗ್ದಿದೀನಿ ನೋಡಿ. ಪ್ರತೀ ವರ್ಷ ಅದೊಂದನ್ನ ಬಿಡ್ತಿದ್ರು. ನಾನೇ ಬೀಗದ ಕೈ ಹುಡುಕಿದೆ. ಪಾಪ, ಒಂದು ಚಿಕ್ಕ ಸಾಮಾನು, ಅದಕ್ಯಾಕೆ ಅನ್ಯಾಯ ಅಲ್ವಾ?’ ಎಂದು ಹೇಳಿ ಕಾಫಿಗೆ ಒಳಗೆ ಹೋದಳು.

ಚಾಪೆಯ ತುದಿಯಲ್ಲಿ, ದಿಕ್ಸೂಚಿಯ ಪಕ್ಕದಲ್ಲಿ, ವೀಳ್ಯದೆಲೆಯ ಮೇಲೆ ಒಂದು ಸಂಗ್ರಾಮ್ ಪದಕವಿತ್ತು. ಅಂಥವು ಸಾವಿರಾರು ಇವೆ. ಅವನ ಮನೆಯಲ್ಲೇ ಬೇರೆಯವರ ಹೆಸರಿನವು ಏಳೆಂಟಿವೆ. ಇದನ್ನು ಯಾಕೆ ಬೀಗ ಹಾಕಿಟ್ಟಿದ್ದ ಎಂದುಕೊಂಡೇ ಅವನು ಅಭ್ಯಾಸಬಲದಿಂದ ಎತ್ತಿಕೊಂಡ. ಹೆಬ್ಬೆರಳು ಅಂಚಿನ ಮೇಲೆ ಹೋಯಿತು. ಮೊದಲು ಬೆರಳಿಗೆ ತಿಳಿಯಿತು, ಆಮೇಲೆ ಕಣ್ಣಿಗೆ. ಬೆಳಕಿಗೆ ಹಿಡಿದ. ಕುಂಕುಮ ಒರೆಸಿದ. ಕನ್ನಡಕ ತೆಗೆದು ಹತ್ತಿರ ಹಿಡಿದು ಇಂಗ್ಲಿಷಿನ ಒಂದೊಂದೇ ಅಕ್ಷರವನ್ನು ಕಾಗುಣಿತ ಕಲಿಯುವವನ ಹಾಗೆ ಓದಿದ. ಅನಂತಶಯನ. ಅವನಿಗೆ ಮೊದಲು ಆದದ್ದು ಬರೀ ಖುಷಿ, ಮೈಯೆಲ್ಲ ನಡುಗುವಂಥ ಖುಷಿ. ಶಿವು, ಸಿಕ್ತು ಕಣೋ ಎಂದು ಕೂಗಲು ಬಾಯಿ ಕೂಡ ತೆರೆದಿದ್ದ. ತೆರೆದ ಬಾಯಿ ಹಾಗೇ ನಿಂತಿತು.

‘ಇದು ಯಾವಾಗ ತಂದದ್ದು ಸರಳಾ?’ ಎಂದು ಕಾಫಿ ತಂದವಳನ್ನು ಕೇಳಿದ.

‘ಅದಾ? ಈ ಮನೆ ಗೃಹಪ್ರವೇಶ ಆಯ್ತಲ್ಲ, ಆ ವರ್ಷ. ಮಾಕಳೀಲಿ ಸಿಕ್ತು ಅಂತ ತಂದ್ರು. ಅವತ್ತಿಂದ ಬೀಗದಲ್ಲೇ ಇಟ್ಟಿದಾರೆ. ಯಾಕೆ, ಬೆಲೆ ಬಾಳೋದಾ?’

ಗೃಹಪ್ರವೇಶಕ್ಕೆ ಅವನು ಅಮ್ಮನನ್ನೂ ಕರೆದುಕೊಂಡು ಬಂದಿದ್ದ. ಒಂಬತ್ತು ವರ್ಷದ ಹಿಂದೆ. ಅಮ್ಮ ಇದೇ ನಡುಮನೆಯಲ್ಲಿ ಗೋಡೆಗೊರಗಿ ಕೂತು, ಶಿವರಾಮ ಕಾಲಿಗೆ ಬಿದ್ದಾಗ ‘ನನ್ನ ಶೇಷೂಗೆ ನೀನು ಅಣ್ಣ ಇದ್ದ ಹಾಗಪ್ಪ’ ಎಂದು ತಲೆ ಸವರಿದ್ದಳು. ಆಗ ಅದು ಅಲ್ಮೇರಾದಲ್ಲಿ ಇತ್ತೆ? ಆಮೇಲೆ ಬಂತೆ? ಆಮೇಲೆಯೇ ಬಂದಿರಲಿ. ಅಮ್ಮ ಅದಾದ ಮೇಲೂ ನಾಲ್ಕು ವರ್ಷ ಬದುಕಿದ್ದಳು. ಕೊನೆಯ ತಿಂಗಳುಗಳಲ್ಲಿ ಅವಳಿಗೆ ಎಲ್ಲ ಮರೆತುಹೋಗಿ, ಹಾಸಿಗೆಯಲ್ಲಿ ಅಂಗೈ ಚಾಚಿ ‘ಅನಂತುಂದು ಇಲ್ಲೇ ಇಟ್ಟಿದ್ದೆನಲ್ಲೋ, ಯಾರು ತಗೊಂಡ್ರೋ’ ಅನ್ನುತ್ತಿದ್ದಳು. ಒಂದು ದಿನ ಸಮಾಧಾನವಾಗಲಿ ಎಂದು ಶೇಷಗಿರಿ ಯಾರದೋ ಪದಕವೊಂದನ್ನು ಆ ಅಂಗೈಯಲ್ಲಿಟ್ಟಿದ್ದ. ಅಮ್ಮ ಅದರ ಅಂಚು ಮುಟ್ಟಿ ಮುಟ್ಟಿ ನೋಡಿ, ‘ಇದಲ್ಲ’ ಎಂದು ಹಿಂದಕ್ಕೆ ಕೊಟ್ಟಿದ್ದಳು. ಆವತ್ತು ಮಂಚದ ಆ ಕಡೆ ಸ್ಟೂಲಿನ ಮೇಲೆ ಶಿವರಾಮ ಕೂತಿದ್ದ. ಕೂತು ನೋಡುತ್ತಿದ್ದ. ಎದ್ದು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದಿದ್ದ. ಆ ಕಣ್ಣೀರಿಗೆ ಶೇಷಗಿರಿ ಎಷ್ಟು ಕರಗಿಹೋಗಿದ್ದನೆಂದರೆ ಸ್ಮಶಾನದಲ್ಲಿ ಚಟ್ಟದ ಮುಂದಿನ ಹೆಗಲು ಅವನಿಗೇ ಕೊಟ್ಟಿದ್ದ. ಸಿಕಂದರಾಬಾದಿಗೆ ಹೋದದ್ದು ಅದರ ಮರುವರ್ಷವಲ್ಲವೆ? ಯಾರೋ ಪದಕಗಳ ಪೆಟ್ಟಿಗೆ ಮಾರುತ್ತಾರಂತೆ ಎಂದು ಸುದ್ದಿ ಕೇಳಿ ಇಬ್ಬರೂ ರೈಲು ಹತ್ತಿ, ಅಲ್ಲಿ ಇಡೀ ಪೆಟ್ಟಿಗೆ ತಿರುವಿ ಏನೂ ಸಿಗದೆ, ವಾಪಸು ಬರುವಾಗ ಶೇಷಗಿರಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಾಗ, ‘ಸಿಗತ್ತೆ ಕಣೋ, ಎಲ್ಲಿಗ್ ಹೋಗತ್ತೆ’ ಎಂದು ಶಿವರಾಮ ಅವನ ಮೊಣಕಾಲಿನ ಮೇಲೆ ಕೈಯಿಟ್ಟಿದ್ದನಲ್ಲ, ಈ ಬೀಗದ ಕೈಯನ್ನು ಆಗಲೂ ಅವನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದನೋ ಏನೋ.

ಗೇಟಿನ ಸದ್ದಾಯಿತು. ಶಿವರಾಮ ಎರಡು ಬೂದುಗುಂಬಳ ಕಂಕುಳಲ್ಲಿ ಅವುಚಿಕೊಂಡು ‘ಏನ್ ಮೇಜರ್, ಬೇಗ ಬಂದ್ಬಿಟ್ಟಿದೀಯ’ ಎನ್ನುತ್ತ ಒಳಗೆ ಬಂದವನು ಶೇಷಗಿರಿಯ ಕೈ ನೋಡಿದ. ಆಮೇಲೆ ಚಾಪೆ ನೋಡಿದ. ಆಮೇಲೆ ಹೆಂಡತಿಯನ್ನು. ಕಾಯಿಗಳನ್ನು ಮೆಲ್ಲಗೆ, ಎಲ್ಲಿ ಒಡೆದಾವೋ ಎಂಬಂತೆ, ಕೆಳಗಿಟ್ಟ. ಅವನು ‘ಏನದು’ ಎಂದು ಕೇಳಿದ್ದರೆ, ‘ಅಯ್ಯೋ ಇದರಲ್ಲಿ ಹೆಸರಿತ್ತಾ, ನಾನು ನೋಡೇ ಇರಲಿಲ್ಲ’ ಎಂದಿದ್ದರೆ, ಶೇಷಗಿರಿ ನಂಬಿಬಿಡುತ್ತಿದ್ದ. ನಂಬಲು ಅವನು ತುದಿಗಾಲಿನಲ್ಲಿ ನಿಂತಿದ್ದ. ಶಿವರಾಮ ಅಷ್ಟೂ ಉಪಕಾರ ಮಾಡಲಿಲ್ಲ.

‘ಸರಳಾ, ನೀನ್ ಒಳಗ್ ಹೋಗು’ ಎಂದ. ಅವಳು ಏನೂ ಅರ್ಥವಾಗದೆ ಬಾಗಿಲಲ್ಲೇ ನಿಂತಳು.

‘ಸಿಕ್ಕಿದ್ ದಿನ ಜೇಬಲ್ಲಿ ಇಟ್ಕೊಂಡೇ ನಿನ್ ಹತ್ರ ಬಂದಿದ್ದೆ ಕಣೋ’ ಎಂದ ಶಿವರಾಮ. ‘ಕೊಡೋಣ ಅಂತಾನೇ. ಬಸ್ಸಲ್ಲಿ ನೀನೊಂದ್ ಮಾತಂದೆ. ಅದೊಂದ್ ಸಿಕ್ಬಿಟ್ರೆ ಸಾಕು ಶಿವು, ಈ ಧೂಳು ತಿನ್ನೋದು ಬಿಟ್ಬಿಡ್ತೀನಿ, ಭಾನುವಾರ ಮನೇಲ್ ಬಿದ್ಕೊಂಡಿರ್ತೀನಿ ಅಂದೆ. ನಂಗೆ ಭಯ ಆಯ್ತು. ಮುಂದಿನ್ ವಾರ ಕೊಡೋಣ ಅಂದ್ಕೊಂಡೆ. ಆಮೇಲೆ ಅದರ ಮುಂದಿನ್ ವಾರ.’

‘ಮಾತಿಗೆ ಅಂದಿದ್ದು ಅದು.’

‘ಇರ್ಬಹುದು. ನಿಂಗೆ ಮನೆ ಇದೆ, ಆಫೀಸಲ್ಲಿ ಜನ ಇದಾರೆ. ನಂಗೆ ಆ ಲ್ಯಾಬು ಬಿಟ್ರೆ ಭಾನುವಾರ ಒಂದೇ. ಸಿಕ್ಕಿದ್ರೆ ನೀನ್ ಬರ್ತಿರ್ಲಿಲ್ಲ. ನಂಗೊತ್ತು.’

‘ಅಮ್ಮ ಇದ್ದಳಲ್ಲೋ ಆಗ’ ಎಂದ ಶೇಷಗಿರಿ.

ಅಷ್ಟೇ ಅಂದದ್ದು. ಇನ್ನೂ ಎಷ್ಟೋ ಮಾತುಗಳು ನಾಲಗೆಯ ತುದಿಗೆ ಬಂದಿದ್ದವು, ಕಳ್ಳ, ದ್ರೋಹಿ, ನಿನ್ನ ವಂಶ ಹಾಳಾಗ. ಯಾವುದೂ ಹೊರಗೆ ಬರಲಿಲ್ಲ. ಶಿವರಾಮ ಬಗ್ಗಿ ಕುಂಬಳಕಾಯಿಗಳನ್ನು ಗೋಡೆಯ ಕಡೆಗೆ ಸರಿಸಿದ. ಬಾಗಿಲಲ್ಲಿ ನಿಂತಿದ್ದ ಸರಳಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಅರ್ಥವಾಗಿತ್ತು. ಶೇಷಗಿರಿ ಪದಕವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಚಪ್ಪಲಿ ಹುಡುಕಿದ. ‘ಪೂಜೇಗಿಟ್ಟಿದ್ದನ್ನ ಇವತ್ತು ಕದಲಿಸ್ಬಾರ್ದು ಕಣ್ರಿ, ನಾಳೆ ಬೆಳಿಗ್ಗೆ...’ ಎಂದು ಅವಳು ಅಭ್ಯಾಸದಂತೆ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಸ್ಕೂಟರಿನ ಹತ್ತಿರ ಬಂದಾಗ ಅವನಿಗೆ ಡಿಕ್ಕಿಯೊಳಗಿನ ಪುಸ್ತಕದ ನೆನಪಾಯಿತು. ಎರಡು ವಾರ ಮುಚ್ಚಿಟ್ಟದ್ದಕ್ಕೆ ತಾನು ಪಟ್ಟ ಸಂಕಟ ನೆನೆದು ನಾಚಿಕೆಯಾಯಿತು, ಎಂಥ ದಡ್ಡನ ಸಂಕಟ! ತೆಗೆದು ಕಾಂಪೌಂಡಿನ ಮೇಲಿಟ್ಟ. ಕೊಡಬೇಕೆಂದು ಇಟ್ಟನೋ, ಮುಖಕ್ಕೆ ಎಸೆದ ಹಾಗೆ ಇಟ್ಟನೋ, ಅವನಿಗೇ ತಿಳಿಯಲಿಲ್ಲ.

ಮನೆಯಲ್ಲಿ ಕೌಸಲ್ಯಾ ಪದಕವನ್ನು ಕೈಗೆ ತೆಗೆದುಕೊಂಡು ಅಂಚಿನ ಮೇಲಿನ ಹೆಸರು ಓದಿದಳು. ಆಮೇಲೆ ಅದನ್ನು ಅತ್ತೆಯ ಫೋಟೋದ ಮುಂದಿಟ್ಟು ಕೈ ಮುಗಿದಳು. ಅವನೂ ಮುಗಿದ. ಅಳು ಬರಬಹುದೆಂದು ಕಾದ. ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಈ ಘಳಿಗೆಯನ್ನು ಅವನು ಎಷ್ಟು ಥರ ಕಲ್ಪಿಸಿಕೊಂಡಿದ್ದ! ಎಲ್ಲ ಕಲ್ಪನೆಯಲ್ಲೂ ಪದಕ ಸಿಕ್ಕುವುದು ಧೂಳಿನಲ್ಲಿ, ಯಾವುದೋ ಗೋಣಿಯ ತಳದಲ್ಲಿ. ಈಚಿನ ವರ್ಷಗಳಲ್ಲಂತೂ ಪಕ್ಕದಲ್ಲಿ ಶಿವರಾಮ ಇರುತ್ತಿದ್ದ, ಕುಣಿಯುತ್ತಿದ್ದ. ಈಗ ಅಣ್ಣನ ಹೆಸರಿನ ಮೇಲೆ ಬೆರಳಾಡಿಸಿದರೆ ಅಣ್ಣನ ಮುಖ ಬರುತ್ತಿರಲಿಲ್ಲ, ಸ್ಟೂಲಿನ ಮೇಲೆ ಕೂತು ಅಮ್ಮನನ್ನು ನೋಡುತ್ತಿದ್ದ ಶಿವರಾಮನ ಮುಖ ಬರುತ್ತಿತ್ತು. ಪದಕವನ್ನು ಬಚ್ಚಿಟ್ಟದ್ದಲ್ಲದೆ ಅದರೊಳಗೆ ತಾನೂ ಸೇರಿಕೊಂಡುಬಿಟ್ಟಿದ್ದಾನೆ ಎಂದು ಶೇಷಗಿರಿಗೆ ಮೈಯೆಲ್ಲ ಉರಿಯಿತು. ಶಿವರಾಮನ ಫೋನು ಬಂತು, ಎತ್ತಲಿಲ್ಲ. ಮತ್ತೆ ಬಂತು. ಆಮೇಲೆ ಬರಲಿಲ್ಲ, ಅದಕ್ಕೂ ಕೋಪ ಬಂತು.

ಭಾನುವಾರ ಎಂದಿನಂತೆ ಎಚ್ಚರವಾಯಿತು. ಸಿಕ್ಕಿದ್ರೆ ನೀನ್ ಬರ್ತಿರ್ಲಿಲ್ಲ, ನಂಗೊತ್ತು ಎಂದಿದ್ದ ಶಿವರಾಮ. ಏನು ಗೊತ್ತು ಆ ನಾಯಿಗೆ? ತಾನು ಪುಸ್ತಕಪ್ರೇಮಿ ಅಲ್ಲವೆ? ಇತಿಹಾಸದಲ್ಲಿ ಆಸಕ್ತಿ ಇದ್ದವನಲ್ಲವೆ? ಪದಕ ಸಿಕ್ಕಿದ ಮಾತ್ರಕ್ಕೆ ಮನೆಯಲ್ಲಿ ಬಿದ್ದುಕೊಳ್ಳುವಂಥವನೆ? ಅವನು ಹಟದಿಂದ ಎದ್ದು, ಸ್ನಾನ ಮಾಡಿ, ಚೀಲ ತೆಗೆದುಕೊಂಡ. ಪದಕವನ್ನು ಫೋಟೋದ ಮುಂದೆ ಬಿಟ್ಟುಹೋಗಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡ. ‘ಒಬ್ರೇ ಹೋಗ್ತೀರಾ?’ ಎಂದಳು ಕೌಸಲ್ಯಾ. ‘ಯಾಕೆ, ಒಬ್ನೇ ಹೋಗ್ಬಾರ್ದಾ?’ ಎಂದು ರೇಗಿದ.

ಯಶವಂತಪುರದಲ್ಲಿ ಫಖ್ರುನ್ನೀಸಾ ಆಗಷ್ಟೇ ಗುಜರಿ ಅಂಗಡಿಯ ಬಾಗಿಲು ತೆಗೆದು ಪುಸ್ತಕದ ಕಟ್ಟುಗಳನ್ನು ಹೊರಗೆ ಹಾಕಿಸುತ್ತಿದ್ದಳು. ಗಂಡ ಹೋದ ಮೇಲೆ ಅಂಗಡಿ ಅವಳದೇ. ಶೇಷಗಿರಿ ಎಂದಿನ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಪುಸ್ತಕದ ಬೆನ್ನು ನೋಡುತ್ತ ಹೋದ. ಮರುಭೂಮಿಯ ಯುದ್ಧ, ಸಬ್‌ಮರೀನುಗಳು, ಯಾರೋ ಜನರಲ್ ಬರೆದ ಆತ್ಮಕತೆ. ಹೋದ ತಿಂಗಳು ಇದೇ ಪುಸ್ತಕಗಳಿಗೆ ಅವನ ಕೈ ತಾನಾಗಿಯೇ ಹೋಗುತ್ತಿತ್ತು. ತೆರೆದ, ಮೂಸಿದ, ನಕ್ಷೆಗಳನ್ನು ಬಿಡಿಸಿದ. ಯಾವ ನದಿಯೂ ಅವನಿಗೆ ಬೇಕಿರಲಿಲ್ಲ. ಯಾರೋ ಯಾರನ್ನೋ ಕೊಂದಿದ್ದರು, ಅಷ್ಟೆ. ತಗಡಿನ ಡಬ್ಬಿಯಲ್ಲಿ ಪದಕಗಳೂ ಇದ್ದವು, ಎರಡೋ ಮೂರೋ. ಅವನ ಹೆಬ್ಬೆರಳು ಅವುಗಳ ಅಂಚಿಗೆ ಹೋಗಲೇ ಇಲ್ಲ. ಅವನಿಗೆ ಹೆದರಿಕೆಯಾಯಿತು. ಇಷ್ಟು ವರ್ಷ ಪಕ್ಕದಲ್ಲಿ ಕೂತವನು, ಅಮ್ಮನಿಗೆ ಮೋಸ ಮಾಡಿದವನು, ತನ್ನ ವಿಷಯದಲ್ಲಿ ಮಾತ್ರ ಸರಿಯಾಗಿಯೇ ಹೇಳಿದ್ದ. ದ್ರೋಹಕ್ಕಿಂತ ಇದನ್ನು ನುಂಗುವುದು ಕಷ್ಟವಾಯಿತು. ಎದ್ದು ಮನೆಗೆ ಹೋಗಬಹುದಿತ್ತು. ಮನೆಗೆ ಹೋಗಿ ಏನು ಮಾಡುವುದು? ಮುಂದಿನ ಭಾನುವಾರ ಏನು ಮಾಡುವುದು?

‘ಏನ್ ಸಾರ್, ಸುಮ್ನೆ ಕೂತ್ಬಿಟ್ರಿ’ ಎಂದಳು ಫಖ್ರುನ್ನೀಸಾ. ‘ದೋಸ್ತ್ ಬಂದಿಲ್ಲಾ?’

‘ಹುಷಾರಿಲ್ಲ ಅವನಿಗೆ.’

‘ಅಲ್ಲಾ ಸಾರ್, ಇಷ್ಟ್ ವರ್ಷ ಹುಡುಕ್ತಾ ಇದೀರಿ. ನಿಮ್ ಅಣ್ಣಾವ್ರುದು ಆ ಬಿಲ್ಲೆ ಸಿಕ್ತಾ ಇಲ್ವಾ?’

ಅಂಗಿಯ ಜೇಬಿನಲ್ಲಿ ಪದಕ ಎದೆಗೆ ಒತ್ತುತ್ತಿತ್ತು. ಶೇಷಗಿರಿ ಅವಳ ಮುಖ ನೋಡಿದ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

‘ಇನ್ನೂ ಇಲ್ಲಮ್ಮ’ ಎಂದ. ಎಷ್ಟು ಸಲೀಸಾಗಿ ಬಂತು ಮಾತು, ನಾಲಗೆ ಒಂದಿಷ್ಟೂ ತೊಡರಲಿಲ್ಲ. ಮೊದಲನೇ ಸಲ ಶಿವರಾಮನಿಗೂ ಹೀಗೇ ಬಂದಿರಬೇಕು.

‘ಸಿಗ್ತದೆ ಬಿಡಿ’ ಎಂದು ಅವಳು ಒಳಗಿನಿಂದ ಇನ್ನೊಂದು ಗೋಣಿಚೀಲ ಎಳೆದು ತಂದು ಅವನ ಮುಂದೆ ಹಾಕಿದಳು. ಶೇಷಗಿರಿ ಅದರ ಬಾಯಿಗೆ ಕಟ್ಟಿದ್ದ ಹಗ್ಗ ಬಿಚ್ಚತೊಡಗಿದ.